ಯಾವ ಪೇಪರು ಸಾರ್?

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕಾಸು ತಗೊಂಡು ಫೋಟೊ ತೆಗೆಯುವವನಿಗೆ ಯಾವ ಕಷ್ಟವೂ ಇಲ್ಲ. ಮದುವೆ, ನಾಮಕರಣ, ಪಂಚಾಯಿತಿ ಮೆಂಬರನ ಹುಟ್ಟುಹಬ್ಬದ ಫ್ಲೆಕ್ಸು, ಎಲ್ಲಿ ಹೋದರೂ ಅವನಿಗೆ ಮರ್ಯಾದೆ, ಮೊದಲ ಪಂಕ್ತಿಯಲ್ಲೇ ಎಲೆ. ಕಷ್ಟವೆಲ್ಲ ಬಿಟ್ಟಿ ತೆಗೆಯುವವನಿಗೆ. ದುಡ್ಡಿಗಲ್ಲ, ಯಾರೂ ಹೇಳಿಯೂ ಇಲ್ಲ, ಸುಮ್ಮನೆ ಖುಷಿಗೆ ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಸುಮ್ಮನೆ ಖುಷಿಗೆ ಯಾರಾದರೂ ಬೆಳಗಿನ ನಾಲ್ಕಕ್ಕೆ ಏಳುತ್ತಾರೆಯೇ? ಹಾಲು ಕರೆಯುವವರು ಏಳುತ್ತಾರೆ, ರೇಷ್ಮೆಗೂಡು ಮಾರುಕಟ್ಟೆಗೆ ಹೋಗುವವರು ಏಳುತ್ತಾರೆ, ಹೂವಿನ ಮೂಟೆ ಹೊರುವವರು ಏಳುತ್ತಾರೆ. ಅವರ ಜೊತೆಗೆ ನಮ್ಮ ಭಾವನವರೂ ಏಳುತ್ತಾರೆ.

ಭಾವ ಬ್ಯಾಂಕಿನವರು. ವಾರವಿಡೀ ಕೌಂಟರಿನಲ್ಲಿ ಕೂತು ‘ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ ತನ್ನಿ, ಹಳೇದು ನಡೆಯಲ್ಲ’ ಎಂದು ಜನರನ್ನು ವಾಪಸ್ ಕಳಿಸುವುದೇ ಅವರ ಉದ್ಯೋಗ. ಭಾನುವಾರ ಬಂತೆಂದರೆ ಅದೇ ಜನರ ಹಿಂದೆ ತಾವೇ ಬಿದ್ದು, ‘ಒಂದೇ ಒಂದು ಫೋಟೊ, ಹಾಗೇ ಇರಿ, ಈ ಕಡೆ ನೋಡಬೇಡಿ’ ಎಂದು ಗೋಗರೆಯುತ್ತಾರೆ. ಜನ ಬಿಡುತ್ತಾರೆಯೇ? ಯಾವ ಪೇಪರು ಸಾರ್? ಯಾವ ಚಾನೆಲ್ಲು? ಜಮೀನು ಏನಾದ್ರೂ ನೋಡ್ತಿದೀರಾ? ಲೇಔಟ್ ಬರುತ್ತಾ ಇಲ್ಲಿ? ದೇವನಹಳ್ಳಿಗೆ ಏರ್‌ಪೋರ್ಟು ಬಂದ ಮೇಲೆ ನಮ್ಮ ಕಡೆ ಹೊಲದ ಬದುವಿನ ಮೇಲೆ ಕ್ಯಾಮೆರಾ ಹಿಡಿದು ನಿಂತವನು ಒಂದೋ ಸರ್ಕಾರದವನು, ಇಲ್ಲವೇ ಸೈಟು ಮಾರುವವನು. ಚಿಂತಾಮಣಿ ಕಡೆಗೆ ಹೋದರೆ ಅದೇ ಪ್ರಶ್ನೆ ತೆಲುಗಿನಲ್ಲಿ ಬರುತ್ತದೆ: ‘ದೇನಿಕಿ ಸಾರ್ ಈ ಫೋಟೊ?’ ಭಾವನ ಹತ್ತಿರ ಎರಡು ಭಾಷೆಯಲ್ಲೂ ಉತ್ತರವಿಲ್ಲ.

ವರ್ಷದ ಮಿಕ್ಕ ತಿಂಗಳು ಹೇಗೋ ತಡೆದುಕೊಂಡಿರುತ್ತಾರೆ. ಮಹಾಲಯ ಅಮಾವಾಸ್ಯೆ ಕಳೆದದ್ದೇ ತಡ, ಮನುಷ್ಯ ಕೈಗೆ ಸಿಗುವುದಿಲ್ಲ. ‘ಆಶ್ವಯುಜ, ಕಾರ್ತಿಕದ ಬೆಳಕೇ ಬೇರೆ ಕಣಯ್ಯ’ ಅನ್ನುತ್ತಾರೆ. ಅದು ಸುಳ್ಳಲ್ಲ. ಮಳೆಗೆ ಗಾಳಿಯ ಧೂಳೆಲ್ಲ ತೊಳೆದುಹೋಗಿರುತ್ತದೆ, ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗಿರುತ್ತದೆ, ಕೆರೆಗಳಲ್ಲಿ ಅಷ್ಟಿಷ್ಟು ನೀರಿರುತ್ತದೆ. ತೊಂದರೆ ಏನೆಂದರೆ, ಭಾವ ಕಾಶ್ಮೀರದ ಚಿನಾರ್ ಮರಗಳ ಫೋಟೊಗಳನ್ನು ನೋಡಿಬಿಟ್ಟಿದ್ದಾರೆ. ಶರತ್ಕಾಲ ಅಂದರೆ ಕೆಂಪೆಲೆ ಉದುರಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಹೊಂಗೆ, ಅರಳಿಗಳು ಎಲೆ ಉದುರಿಸುವುದು ಸಂಕ್ರಾಂತಿ ಕಳೆದ ಮೇಲೆ. ದಸರಾ ಹೊತ್ತಿಗೆ ಊರೆಲ್ಲ ಹಸಿರೋ ಹಸಿರು. ಆಗ ಕೆಂಪು ಬೇಕೆಂದರೆ ಚಿಂತಾಮಣಿಯ ಟೊಮೇಟೊ ಮಂಡಿಗೇ ಹೋಗಬೇಕು. ಹೋದರು ಕೂಡ. ಕ್ರೇಟುಗಳ ನಡುವೆ ಮಂಡಿಯೂರಿ ಕೂತವರನ್ನು ಹಮಾಲಿಯೊಬ್ಬ ‘ಏನು ಬಿತ್ತು ಸಾರ್, ನಾನೂ ಹುಡುಕ್ಲಾ?’ ಎಂದು ಕೇಳಿದನಂತೆ.

ಆಯುಧಪೂಜೆಯ ದಿನ ಅಕ್ಕನ ಮನೆಯಲ್ಲಿ ಸಣ್ಣದೊಂದು ಯುದ್ಧ ನಡೆಯಲೇಬೇಕು. ಈಳಿಗೆಮಣೆ, ಕುಡುಗೋಲು, ಮಿಕ್ಸಿ, ಸ್ಕೂಟರು, ಅದರ ಪಕ್ಕದಲ್ಲಿ ಕ್ಯಾಮೆರಾ. ಎಲ್ಲಕ್ಕೂ ಸೇವಂತಿಗೆ ಏರಿಸಿ ಅಕ್ಕ ಕುಂಕುಮದ ಬಟ್ಟಲು ಹಿಡಿದು ಬಂದರೆ ಭಾವ ಅಡ್ಡ ನಿಲ್ಲುತ್ತಾರೆ.

‘ಗಾಜಿಗೆ ಮಾತ್ರ ಇಡಬೇಡ ಕಣೇ.’

‘ದೇವರ ಹಣೆಗೇ ಇಡ್ತೀವಿ, ನಿಮ್ಮ ಗಾಜಿಗೆ ಇಟ್ರೆ ಸವೆದು ಹೋಗುತ್ತಾ?’

ಕೊನೆಗೆ ಲೆನ್ಸಿನ ಮುಚ್ಚಳಕ್ಕೆ ಕುಂಕುಮ ಎಂದು ರಾಜಿಯಾಯಿತು. ಆ ಲೆನ್ಸಿನ ದುಡ್ಡಿನಲ್ಲಿ ಒಂದು ಜೊತೆ ಬಳೆ ಬರುತ್ತಿತ್ತು ಎಂಬುದು ಅಕ್ಕನ ಲೆಕ್ಕ. ಈಗಿನ ರೇಟಿಗೆ ಅರ್ಧ ಬಳೆಯೂ ಬರಲ್ಲ ಎಂಬುದು ಭಾವನ ಸಮಾಧಾನ. ಈಗಿನ ರೇಟಿಗೆ ಬರಲ್ಲ ಅಂತಲೇ ಆಗ ತಗೋಬೇಕಿತ್ತು ಅನ್ನೋದು ಎಂದು ಅಕ್ಕ ತಿರುಗಿಸಿ ಹಾಕಿದ ಮೇಲೆ ಬ್ಯಾಂಕಿನವರು ಮಾತಾಡಲಿಲ್ಲ.

ನಂದಿಬೆಟ್ಟದ ವಿಷಯ ಹೆಚ್ಚು ಹೇಳಬೇಕಾಗಿಲ್ಲ. 1478 ಮೀಟರ್ ಎತ್ತರ, ಭಾನುವಾರ ನಸುಕಿನಲ್ಲಿ ಗೇಟಿನ ಮುಂದೆ ಬೆಂಗಳೂರಿನ ಬೈಕು-ಕಾರುಗಳ ಸಾಲು, ಮೇಲೆ ಹೋದರೆ ಮೋಡ. ಮೋಡವನ್ನು ಕೆಳಗಿನಿಂದ ನೋಡಿದರೆ ಚೆಂದ, ಮೇಲಿನಿಂದ ನೋಡಿದರೆ ಇನ್ನೂ ಚೆಂದ. ಭಾವ ಪ್ರತಿಸಲವೂ ಸರಿಯಾಗಿ ಅದರ ಒಳಗೇ ನಿಂತಿರುತ್ತಾರೆ. ಸೂರ್ಯ ಹುಟ್ಟಿದ್ದು ಗಡಿಯಾರ ನೋಡಿ ಗೊತ್ತಾಗಬೇಕು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿದರೆ ತೆರೆ ತುಂಬ ಬಿಳಿ. ‘ಮೂಡ್ ಇದೆ’ ಎಂದರು. ನನ್ನ ಮಗಳು ಇಣುಕಿ ನೋಡಿ, ‘ಮಾಮ, ಇನ್ನೂ ಲೋಡ್ ಆಗ್ತಾ ಇದೆಯಾ?’ ಎಂದಳು. ಗೌರಿಬಿದನೂರಿನ ಹತ್ತಿರ ವಿಜ್ಞಾನಿಗಳು ಸಾವಿರ ಆಂಟೆನಾಗಳನ್ನು ‘ಟಿ’ ಆಕಾರದಲ್ಲಿ ನೆಟ್ಟು, ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿದಿದ್ದಾರೆ. ಪಕ್ಕದಲ್ಲೇ ಸೂರ್ಯನ ಚಿತ್ರವನ್ನು ರೇಡಿಯೊ ಅಲೆಯಲ್ಲೇ ತೆಗೆಯುವ ಇನ್ನೊಂದು ಏರ್ಪಾಡೂ ಇದೆ. ಆ ಅಲೆಗಳಿಗೆ ಮೋಡ ಅಡ್ಡ ಬರುವುದಿಲ್ಲ. ಒಂದೇ ಜಿಲ್ಲೆ, ಒಂದೇ ಸೂರ್ಯ; ಅವರಿಗೆ ಸಿಗುತ್ತಾನೆ, ನಮ್ಮವರಿಗೆ ಸಿಗುವುದಿಲ್ಲ. ಇದನ್ನು ಭಾವನ ಮುಂದೆ ಹೇಳಿದ್ದಕ್ಕೆ ನನಗೆ ಕಾಫಿ ಸಿಗಲಿಲ್ಲ.

ಕಾರ್ತಿಕ ಸೋಮವಾರ ಮನೆಮಂದಿಯೆಲ್ಲ ನಂದಿ ಗ್ರಾಮದ ಭೋಗನಂದೀಶ್ವರನಿಗೆ ಹೊರಡುವುದು ವಾಡಿಕೆ. ಒಂಬತ್ತನೇ ಶತಮಾನದಷ್ಟು ಹಿಂದಿನ ಗುಡಿ. ಅರುಣಾಚಲೇಶ್ವರ ಒಂದು ಕಡೆ, ಭೋಗನಂದೀಶ್ವರ ಇನ್ನೊಂದು ಕಡೆ, ನಡುವೆ ಉಮಾಮಹೇಶ್ವರ, ಮುಂದೆ ಕಲ್ಯಾಣಮಂಟಪದ ಕರಿಕಲ್ಲಿನ ಕಂಬಗಳಲ್ಲಿ ಸೂಕ್ಷ್ಮ ಕೆತ್ತನೆ. ಅಕ್ಕ ಹೊಸ ರೇಷ್ಮೆ ಸೀರೆ ಉಟ್ಟು, ಸೆರಗು ಮುಂದೆ ಬರುವ ಹಾಗೆ ಹರಡಿಕೊಂಡು, ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತಳು. ಭಾವ ಸುಮಾರು ಹೊತ್ತು ಒದ್ದಾಡಿ ತೆಗೆದರು. ಫೋಟೊದಲ್ಲಿ ಅಕ್ಕನ ಮುಖ ಇತ್ತು, ಮುಖದ ಮೇಲೆ ಬೆಳಕೂ ಇತ್ತು. ಸೀರೆ ಇರಲಿಲ್ಲ, ಕಲ್ಯಾಣಿ ಇರಲಿಲ್ಲ, ಗೋಪುರವಂತೂ ಮಸುಕು ಮಸುಕಾಗಿ ಕರಗಿಹೋಗಿತ್ತು.

‘ಹಿಂದುಗಡೆ ಬ್ಲರ್ ಮಾಡಿದ್ರೆ ಮುಖ ಎದ್ದು ಕಾಣುತ್ತೆ’ ಎಂದು ಭಾವ ವಿವರಿಸಿದರು.

‘ನನ್ನ ಮುಖ ನೋಡೋಕೆ ಇಷ್ಟು ದೂರ ಯಾಕೆ ಬರಬೇಕಿತ್ತು? ಮನೇಲಿ ಕನ್ನಡಿ ಇರಲಿಲ್ವಾ? ನಂದಿಗೆ ಹೋಗಿದ್ವಿ ಅಂತ ನಾಳೆ ಯಾರು ನಂಬ್ತಾರೆ?’

ಹವ್ಯಾಸಿ ಛಾಯಾಗ್ರಾಹಕರು ಬೈದುಕೊಳ್ಳಲಿ, ನಾನು ಅಕ್ಕನ ಪಕ್ಷ. ಮನೆಯವರು ಫೋಟೊ ತೆಗೆಸಿಕೊಳ್ಳುವುದು ತಾವು ಎಲ್ಲಿದ್ದೆವು, ಏನು ಉಟ್ಟಿದ್ದೆವು, ಯಾರ ಪಕ್ಕ ನಿಂತಿದ್ದೆವು ಎಂಬುದಕ್ಕೆ ಪುರಾವೆಯಾಗಿ. ಲೆನ್ಸಿನವರು ಮೊದಲು ಅಳಿಸುವುದು ಅದನ್ನೇ.

ವಿದುರಾಶ್ವತ್ಥದಲ್ಲಿ ಇನ್ನೂ ಚೆನ್ನಾಗಿ ಆಯಿತು. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ. ಆ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ಹೇಳುತ್ತಾ ಹೋದದ್ದು ನಾನು. ಭಾವ ಮಾತ್ರ ಸಾಲು ಸಾಲು ನಾಗರಕಲ್ಲುಗಳ ಮುಂದೆ ಬಗ್ಗಿದವರು ಏಳಲಿಲ್ಲ. ‘ಪ್ಯಾಟರ್ನ್, ಪ್ಯಾಟರ್ನ್’ ಎನ್ನುತ್ತಿದ್ದರು. ಗೌರಿಬಿದನೂರು ತಾಲ್ಲೂಕೆಂದರೆ ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ಇರುವ ತಾಲ್ಲೂಕು. ಏನನ್ನೂ ಪ್ರಶ್ನೆ ಕೇಳದೆ ಒಪ್ಪಿಕೊಳ್ಳಬೇಡಿ ಎಂದು ಬದುಕಿನುದ್ದಕ್ಕೂ ಹೇಳಿದ ಮೇಷ್ಟ್ರು ಅವರು. ಅಲ್ಲಿ ಪ್ರಶ್ನೆಗಳಿಗೆ ಬರವೇ? ಪೂಜೆಗೆ ಬಂದಿದ್ದ ಒಬ್ಬ ಹೆಂಗಸು ಭಾವನ ಹಿಂದೆ ನಿಂತು ತುಂಬ ಹೊತ್ತು ನೋಡಿ, ‘ಎಲ್ಲಾ ನಾಗಪ್ಪನೂ ಒಂದೇ ಥರ ಇದೆಯಲ್ಲ ಸಾರ್, ಒಂದು ತೆಗೆದ್ರೆ ಸಾಲದಾ?’ ಎಂದರು.

ನಮ್ಮಜ್ಜಿಯೂ ಜೊತೆಗೆ ಬಂದಿದ್ದಳು. ಆಕೆ ಭಾವನನ್ನು ಹತ್ತಿರ ಕರೆದು, ಮರದ ಕಟ್ಟೆಯ ಮೇಲೆ ನೆಟ್ಟಗೆ ಕೂತು, ತಲೆ ಮೇಲೆ ಸೆರಗು ಹೊದ್ದು, ‘ನಂದೊಂದು ನೀಟಾಗಿ ತೆಗಿಯಪ್ಪ. ನಾನು ಹೋದ ಮೇಲೆ ರೇಷನ್ ಕಾರ್ಡಿನ ಫೋಟೊ ದೊಡ್ಡದು ಮಾಡಿಸಿ ಗೋಡೆಗೆ ಹಾಕ್ತೀರ ನೀವು. ಅದರಲ್ಲಿ ನಾನು ಕಳ್ಳಿ ಥರ ಇದೀನಿ’ ಎಂದಳು. ಭಾವನಿಗೆ ಇಂಥ ಸ್ಪಷ್ಟವಾದ ಆರ್ಡರು ಯಾವತ್ತೂ ಸಿಕ್ಕಿರಲಿಲ್ಲ. ತೆಗೆದರು. ಅಜ್ಜಿ ಪರದೆ ನೋಡಿ ಹಾರದ ಜಾಗ ಸಾಲದು, ಮೇಲೆ ಇನ್ನೂ ಸ್ವಲ್ಪ ಬಿಡು ಎಂದು ತಿದ್ದಿಸಿದಳು. ಭಾವನ ಫೋಟೊಗಳಲ್ಲಿ ಮನೆಮಂದಿಯೆಲ್ಲ ಒಪ್ಪಿದ್ದು ಅದೊಂದನ್ನೇ. ಅಜ್ಜಿ ಅದನ್ನು ಈಗಲೇ ಕಟ್ಟು ಹಾಕಿಸಿ ಪೆಟ್ಟಿಗೆಯಲ್ಲಿಟ್ಟು, ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದಾಳೆ.

ಗೆಳೆಯರ ಕಥೆ ಬೇರೆ. ಅವರನ್ನು ಆವಲಬೆಟ್ಟಕ್ಕೆ ಕರೆದುಕೊಂಡು ಹೋದರೆ ಮುಂದಕ್ಕೆ ಚಾಚಿದ ಬಂಡೆಯ ಮೇಲೆ ಕೈ ಅಗಲಿಸಿ ನಿಲ್ಲುವುದು ಬಿಟ್ಟು ಇನ್ನೊಂದು ಗೊತ್ತಿಲ್ಲ. ಕೈವಾರಕ್ಕೆ ಹೋದರೆ ತಾತಯ್ಯನವರ ಸನ್ನಿಧಿಗಿಂತ ಮೊದಲು ಹೋಟೆಲು ಹುಡುಕುತ್ತಾರೆ. ಎಲ್ಲರಿಗೂ ಫೋಟೊ ಅವತ್ತೇ ಬೇಕು, ಸ್ಟೇಟಸ್ಸಿಗೆ. ಭಾವ ಕೊಡುವುದಿಲ್ಲ, ‘ಎಡಿಟ್ ಮಾಡಬೇಕು’ ಅನ್ನುತ್ತಾರೆ. ದೀಪಾವಳಿಯ ಫೋಟೊ ಬರುವಷ್ಟರಲ್ಲಿ ಅವರೆಕಾಯಿ ಮುಗಿದಿರುತ್ತದೆ.

ಇದನ್ನೆಲ್ಲ ಕೇಳಿ ಭಾವನಿಗೆ ಏನೂ ಬರುವುದಿಲ್ಲ ಅಂದುಕೊಳ್ಳಬೇಡಿ. ಶಿಡ್ಲಘಟ್ಟದ ಕಡೆ ಅವರ ಸ್ನೇಹಿತರೊಬ್ಬರ ರೇಷ್ಮೆ ಹುಳುಮನೆಗೆ ನಾನೂ ಹೋಗಿದ್ದೆ. ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ಪುಡಿ ತುಳಿದು, ಕೈ ತೊಳೆದು ಒಳಗೆ ಹೋಗಬೇಕು. ರೋಗದ ಭಯ, ಅದಕ್ಕಿಂತ ದೃಷ್ಟಿಯ ಭಯ. ಫ್ಲ್ಯಾಶ್ ಹಾಕುವ ಹಾಗಿಲ್ಲ. ಅವತ್ತು ಹುಳು ಹಣ್ಣಾಗಿತ್ತು. ಸೊಪ್ಪು ಬಿಟ್ಟು, ಮೈಯೆಲ್ಲ ಬೆಳಕು ಹಾಯುವ ಹಾಗೆ ತಿಳಿಯಾಗಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತಿತ್ತು. ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಮೊದಲು ಅದಕ್ಕೆ ಒಂದಷ್ಟು ಜಾಳು ಎಳೆ ಕಟ್ಟಿಕೊಂಡು, ಆಮೇಲೆ ತಲೆಯನ್ನು ಎಂಟರ ಅಂಕಿಯ ಹಾಗೆ ತಿರುಗಿಸುತ್ತಾ ಒಳಗಿನಿಂದಲೇ ಗೋಡೆ ಎಬ್ಬಿಸುತ್ತದೆ. ಮೊದಲ ಕೆಲವು ಗಂಟೆ ಗೂಡು ತೆಳುವಾಗಿದ್ದು ಒಳಗಿನ ಹುಳು ಕಾಣುತ್ತದೆ, ಆಮೇಲೆ ಕಾಣುವುದಿಲ್ಲ. ಕಿಟಕಿಯಿಂದ ಬೀಳುವ ಬೆಳಕಿಗೆ ಭಾವ ಉಸಿರು ಬಿಗಿಹಿಡಿದು ಕೂತು, ಆ ತೆಳು ಪರದೆಯೊಳಗೆ ತಿರುಗುವ ತಲೆಯನ್ನು ಹಿಡಿದರು. ಅಂಥ ಫೋಟೊ ನಾನು ಬೇರೆಲ್ಲೂ ನೋಡಿಲ್ಲ, ತಮಾಷೆಗೆ ಹೇಳುತ್ತಿಲ್ಲ. ಮನೆಯ ಯಜಮಾನಿ ಅದನ್ನು ನೋಡಿ ಮೆಚ್ಚಿಕೊಂಡರು. ಮೆಚ್ಚಿಕೊಂಡೇ ಕೇಳಿದರು: ‘ಮಾರ್ಕೆಟ್ಟಲ್ಲಿ ಇದನ್ನ ತೋರಿಸಿದ್ರೆ ಕೆಜಿಗೆ ಎಷ್ಟು ಜಾಸ್ತಿ ಹಾಕ್ತಾರೆ ಸಾರ್?’

ಇಂಥ ಪ್ರಶ್ನೆಗಳಿಂದ ನೊಂದಾಗ ಭಾವ ದೊಡ್ಡವರ ಹೆಸರು ಹೇಳುತ್ತಾರೆ. ಶಿಡ್ಲಘಟ್ಟದ ಡಿ.ಜಿ. ಮಲ್ಲಿಕಾರ್ಜುನ ಊರಲ್ಲೇ ಇದ್ದು ಫೋಟೊ ತೆಗೆದು, ಪುಸ್ತಕ ಬರೆಯಲಿಲ್ಲವೇ? ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ಮುಖಗಳನ್ನೇ ತೆಗೆದು 1977ರಲ್ಲಿ ಪದ್ಮಶ್ರೀ ಪಡೆಯಲಿಲ್ಲವೇ? ಅಕ್ಕ ಒಗ್ಗರಣೆ ಸೌಟು ಕೆಳಗಿಡದೆ, ‘ಸತ್ಯನ್ ಅವರಿಗೆ ಪೇಪರಿನವರು ದುಡ್ಡು ಕೊಡ್ತಿದ್ರು. ನಿಮಗೆ ಯಾವ ಪೇಪರು?’ ಎಂದಳು. ಊರವರ ಪ್ರಶ್ನೆ ಹೀಗೆ ಅಡುಗೆಮನೆಗೂ ಬಂತು.

ಹೋದ ವರ್ಷ ಶಿಡ್ಲಘಟ್ಟ–ಚಿಂತಾಮಣಿ ರಸ್ತೆಯ ಪಕ್ಕದ ಒಂದು ಹೊಲ ಭಾವನ ಕಣ್ಣಿಗೆ ಬಿತ್ತು. ತೆನೆ ಬಾಗಿದ ರಾಗಿ, ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹಳದಿ ಹೂ ಬಿಟ್ಟ ಹುಚ್ಚೆಳ್ಳು, ಎಲೆ ಮೇಲೆ ಇನ್ನೂ ಆರದ ಇಬ್ಬನಿ. ಕಾರು ನಿಲ್ಲಿಸಿ ಬದುವಿಗೆ ಇಳಿದರು. ಹೊಲದ ಯಜಮಾನರು ಟವೆಲ್ ಕೊಡವುತ್ತಾ ಬಂದೇಬಿಟ್ಟರು.

‘ಬೆಳೆ ಸಮೀಕ್ಷೆಯವರಾ ಸಾರ್?’

ಅಲ್ಲ ಎಂದರೂ ಕೇಳಲಿಲ್ಲ. ಮೊಬೈಲು ಬಿಟ್ಟು ಇಷ್ಟು ದೊಡ್ಡ ಕ್ಯಾಮೆರಾ ತಂದಿದ್ದಾರೆಂದರೆ ದೊಡ್ಡ ಅಧಿಕಾರಿಯೇ ಇರಬೇಕು. ಸರ್ವೆ ನಂಬರು ಹೇಳಿದರು, ಅಣ್ಣತಮ್ಮಂದಿರ ಭಾಗ ಹೇಳಿದರು, ಹಿಂದಿನ ವರ್ಷ ಬರಬೇಕಿದ್ದ ಪರಿಹಾರ ಬರಲಿಲ್ಲ ಎಂದರು. ಭಾವ ಎಲ್ಲಕ್ಕೂ ತಲೆ ಆಡಿಸುತ್ತಾ, ಅವರನ್ನೇ ಹುಚ್ಚೆಳ್ಳಿನ ನಡುವೆ ನಿಲ್ಲಿಸಿ ತೆಗೆದರು. ಒಳ್ಳೆಯ ಫೋಟೊ ಬಂತು. ಈ ಸಲ ಎಡಿಟ್ ಅಂತ ಸತಾಯಿಸದೆ ದೊಡ್ಡದಾಗಿ ಪ್ರಿಂಟು ಹಾಕಿಸಿ, ಮುಂದಿನ ಭಾನುವಾರವೇ ಒಯ್ದು ಕೈಗೆ ಕೊಟ್ಟರು. ಯಜಮಾನರು ಜಗಲಿಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ನೋಡಿದರು. ಹೆಂಡತಿಯನ್ನು ಕರೆದು ತೋರಿಸಿದರು. ಭಾವ ಉಬ್ಬಿಹೋಗಿದ್ದರು.

‘ನಾನೇನೋ ಚೆನ್ನಾಗೇ ಬಂದಿದೀನಿ ಸಾರ್’ ಎಂದರು ಕೊನೆಗೆ. ‘ಆದ್ರೆ ಬೋರ್‌ವೆಲ್ಲೇ ಬಂದಿಲ್ಲವಲ್ಲ. ಸಾವಿರದ ಐನೂರು ಅಡಿ ಕೊರೆಸಿದೀನಿ. ಇಷ್ಟು ದೊಡ್ಡ ಫೋಟೊದಲ್ಲಿ ಹುಚ್ಚೆಳ್ಳು ತೆಗೆದು ಅದನ್ನ ಬಿಟ್ಟುಬಿಟ್ರಲ್ಲ. ಬರೋ ವಾರ ನಮ್ಮ ಕಡೆ ತ್ರೀಫೇಸ್ ಕರೆಂಟು ಬೆಳಗಿನ ಪಾಳಿಗೆ ಬರುತ್ತೆ. ಬನ್ನಿ, ಮೋಟ್ರು ಹಾಕ್ತೀನಿ, ನೀರು ಬೀಳೋದು ಕಾಣೋ ಹಾಗೆ ಇನ್ನೊಂದು ತೆಗೀರಿ. ಹಿಂದುಗಡೆದು ಮಸುಕು ಮಾಡಬೇಡಿ, ಪಕ್ಕದ ಹೊಲ ನಮ್ಮ ಭಾವಂದು. ಅವನ ಬೋರು ಬತ್ತಿರೋದೂ ಕಾಣಲಿ.’