ಕಟ್ಟಿದ ಮೂಗು, ಮಂದ ಥೈರಾಯ್ಡ್: ಬಳಕೆದಾರರ ಕೈಪಿಡಿ
(ಶಿವಮೊಗ್ಗ–ಭದ್ರಾವತಿ ಆವೃತ್ತಿ)

ಅಭಿನಂದನೆಗಳು. ಸದಾ ಕಟ್ಟಿಕೊಂಡಿರುವ ಮೂಗು ಒಂದು, ನಿಧಾನವಾಗಿ ಕೆಲಸ ಮಾಡುವ ಥೈರಾಯ್ಡ್ ಒಂದು, ಎರಡೂ ಇಂದಿನಿಂದ ನಿಮ್ಮ ಸುಪರ್ದಿಯಲ್ಲಿವೆ. ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದುತ್ತಾ ತೂಕಡಿಕೆ ಬಂದರೆ ಅದು ಬರವಣಿಗೆಯ ದೋಷವೂ ಇರಬಹುದು, ಥೈರಾಯ್ಡಿನ ಲಕ್ಷಣವೂ ಇರಬಹುದು. ಈ ಕೈಪಿಡಿ ಡಾಕ್ಟರಿಗೆ ಬದಲಿಯಲ್ಲ. ಪಕ್ಕದ ಮನೆಯವರಿಗೆ ಮಾತ್ರ ಬದಲಿ.

1. ಪೆಟ್ಟಿಗೆಯಲ್ಲಿರುವ ಸಾಮಾನು

ಮೂಗು ಒಂದು. ಹೊಳ್ಳೆ ಎರಡು, ಒಂದು ಸಲಕ್ಕೆ ಕೆಲಸ ಮಾಡುವುದು ಹೆಚ್ಚೆಂದರೆ ಒಂದು. ಕುತ್ತಿಗೆಯ ಮುಂಭಾಗದಲ್ಲಿ ಥೈರಾಯ್ಡ್ ಗ್ರಂಥಿ ಒಂದು. ಲೆವೋಥೈರಾಕ್ಸಿನ್ ಮಾತ್ರೆಯ ಡಬ್ಬಿ ಒಂದು. ಮೇಲೆ 25, 50, 75, 100 ಹೀಗೆ ಯಾವುದೋ ಅಂಕಿ ಇರುತ್ತದೆ. ಅದು ಮೈಕ್ರೋಗ್ರಾಂ ಲೆಕ್ಕ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಪಾಲು. "ಇಷ್ಟು ಸಣ್ಣ ಮಾತ್ರೆ ಎಂತ ಮಾಡ್ತದೆ" ಎಂಬ ಉಡಾಫೆ ಬೇಡ. ಮೂಗಿನ ಹನಿಯ ಬಾಟಲಿ ಒಂದು. 5ನೇ ಭಾಗ ಓದುವವರೆಗೆ ಮುಚ್ಚಳ ತೆಗೆಯಬಾರದು. ಕರವಸ್ತ್ರ, ಬೇಕಾದಷ್ಟು.

ಉಚಿತ ಕೊಡುಗೆಗಳು: ಸುಸ್ತು, ಚಳಿ, ಒಣ ಚರ್ಮ, ಮಲಬದ್ಧತೆ, ಗೊರಕೆ, ಫೋನಿನಲ್ಲಿ ಮಾತಾಡಿದರೆ "ಎಂತ, ಶೀತವಾ?" ಎಂದು ಎಲ್ಲರೂ ಕೇಳುವಂಥ ದನಿ.

2. ಕೆಲಸ ಮಾಡುವ ಬಗೆ

ಮೂಗಿನ ಒಳಗೋಡೆಗೆ ಅಂಟಿಕೊಂಡು ಸುರುಳಿ ಮೂಳೆಗಳಿವೆ. ಅವುಗಳ ಮೇಲಿನ ಲೋಳೆಪೊರೆಗೆ ರಕ್ತ ತುಂಬಿದರೆ ಉಬ್ಬುತ್ತದೆ, ಇಳಿದರೆ ಗಾಳಿಗೆ ದಾರಿ ಬಿಡುತ್ತದೆ. ಆರೋಗ್ಯವಂತರಲ್ಲೂ ಈ ಉಬ್ಬು ಕೆಲವು ಗಂಟೆಗೊಮ್ಮೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೋಗುತ್ತಿರುತ್ತದೆ. ಜರ್ಮನಿಯ ರಿಚರ್ಡ್ ಕೈಸರ್ 1895ರಲ್ಲಿ ಇದನ್ನು ದಾಖಲಿಸಿದ. ನಮ್ಮ ಸ್ವರಶಾಸ್ತ್ರದವರು ಇಡಾ, ಪಿಂಗಳಾ ಎಂದು ಬಹಳ ಹಿಂದೆಯೇ ಲೆಕ್ಕ ಇಟ್ಟಿದ್ದರು. ಭದ್ರಾವತಿಯವರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. ಕಾರ್ಖಾನೆಯ ಪಾಳಿ ಇದ್ದಂತೆಯೇ: ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಮನೆಗೆ. ನಿಮ್ಮ ಮೂಗಿನಲ್ಲಿ ಎರಡೂ ಪಾಳಿಯವರು ಒಟ್ಟಿಗೆ ಒಳಗೆ ಬಂದು ಕೂತಿದ್ದಾರೆ, ಯಾರೂ ಹೊರಡುವ ಮಾತಾಡುತ್ತಿಲ್ಲ.

ಇನ್ನು ಥೈರಾಯ್ಡ್. ಗ್ರಂಥಿ ಹಾರ್ಮೋನನ್ನು ಕಡಿಮೆ ಕೊಟ್ಟಾಗ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಅದಕ್ಕೆ ಟಿಎಸ್‌ಎಚ್ ಎಂಬ ನೋಟಿಸು ಕಳಿಸುತ್ತದೆ. ಕೆಲಸ ಸಾಗದಿದ್ದಷ್ಟೂ ನೋಟಿಸು ಜಾಸ್ತಿ. ಹಾಗಾಗಿ ರಿಪೋರ್ಟಿನಲ್ಲಿ ಟಿಎಸ್‌ಎಚ್ ಏರಿದ್ದರೆ ಗ್ರಂಥಿ ಸೋತಿದೆ ಎಂದು ಓದಿಕೊಳ್ಳಬೇಕು. "ಜಾಸ್ತಿ ಬಂದಿದೆಯಲ್ಲ, ಮತ್ತೆ ಕಮ್ಮಿ ಅಂತಾರಲ್ಲ" ಎಂದು ಲ್ಯಾಬಿನ ಹುಡುಗನ ಜೊತೆ ಜಗಳಕ್ಕೆ ನಿಲ್ಲಬೇಡಿ.

ಎರಡಕ್ಕೂ ನಂಟಿದೆಯೇ? ಇರಬಹುದು. ಹಾರ್ಮೋನ್ ತೀರಾ ಕಡಿಮೆಯಾದಾಗ ನೀರನ್ನು ಹಿಡಿದಿಡುವ ಕೆಲವು ಸಂಯುಕ್ತಗಳು ಅಂಗಾಂಶಗಳಲ್ಲಿ ಸೇರಿಕೊಳ್ಳುತ್ತವೆ. ಮುಖ ಊದುವುದು, ನಾಲಿಗೆ ದಪ್ಪವಾಗುವುದು, ದನಿ ಗಡಸಾಗುವುದು ಇದರಿಂದಲೇ. ಮೂಗಿನ ಪೊರೆಯೂ ಹಾಗೇ ಊದಿಕೊಂಡರೆ ಅಲರ್ಜಿ ಇಲ್ಲದೆಯೂ ದಾರಿ ಮುಚ್ಚುತ್ತದೆ. ಆದರೆ ಬೆಂಗಳೂರೂ ಸೇರಿ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಯಸ್ಕರ ಪೈಕಿ ಸುಮಾರು 11%ರಷ್ಟು ಜನರಿಗೆ ಥೈರಾಯ್ಡ್ ಕೊರತೆ ಕಂಡಿತ್ತು. ಮೂಗು ಕಟ್ಟುವವರಿಗಂತೂ ಯಾವ ಊರಲ್ಲೂ ಬರವಿಲ್ಲ. ಇಷ್ಟು ಸಾಮಾನ್ಯವಾದ ಎರಡು ತೊಂದರೆಗಳು ಒಬ್ಬರಲ್ಲೇ ಕಂಡರೆ ಒಂದು ಇನ್ನೊಂದನ್ನು ಕರೆತಂದಿತೆಂದು ತೀರ್ಮಾನಿಸಲಾಗದು.

3. ಸ್ಥಾಪಿಸುವ ಜಾಗ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಆಮೇಲೆ ಬಂದದ್ದು 1918ರ ಮೈಸೂರು ಕಬ್ಬಿಣದ ಕಾರ್ಖಾನೆ, 1936ರ ಮೈಸೂರು ಕಾಗದ ಕಾರ್ಖಾನೆ. ತಲೆಮಾರುಗಳ ಕಾಲ ಮೂಗು ಕಟ್ಟಿದವರೆಲ್ಲ ಚಿಮಣಿಯತ್ತ ಕೈ ತೋರಿಸಿದರು. ದೂರಿನಲ್ಲಿ ಹುರುಳಿಲ್ಲವೆಂದಲ್ಲ, ಹೊಗೆ ಮೂಗಿನ ಪೊರೆಯನ್ನು ಕೆರಳಿಸುತ್ತದೆ. ಆದರೆ 2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. ಕೆಲಸ ಹೋಯಿತು, ಪೇಪರ್ ಟೌನಿನ ಗಲಾಟೆ ಅಡಗಿತು, ಮೂಗು ಮಾತ್ರ ತೆರೆಯಲಿಲ್ಲ. ಆರೋಪಿ ಊರು ಬಿಟ್ಟ ಮೇಲೂ ಕಳ್ಳತನ ನಡೆಯುತ್ತಿದ್ದರೆ ತನಿಖೆಯನ್ನು ಮನೆಯೊಳಗಿನಿಂದ ಶುರು ಮಾಡಬೇಕು.

ಶಿವಮೊಗ್ಗದಲ್ಲಿ ಆರೋಪಿಗಳ ಪಟ್ಟಿ ಉದ್ದ: ಅಡಿಕೆ ಮಂಡಿಯ ಧೂಳು, ಅಗೆದು ಮುಚ್ಚಿ ಮತ್ತೆ ಅಗೆದ ರಸ್ತೆ, ಚಳಿಗಾಲದ ಬೆಳಿಗ್ಗೆ ಸುಡುವ ತರಗೆಲೆ, ಖಾಲಿ ಸೈಟಿನ ತುಂಬ ಹೂಬಿಟ್ಟು ನಿಂತ ಕಾಂಗ್ರೆಸ್ ಗಿಡ. ಈ ಪಾರ್ಥೇನಿಯಂ ಪರಾಗ ಮೂಗಿನ ಅಲರ್ಜಿ ತರುವುದು ದೃಢಪಟ್ಟ ಸಂಗತಿ. ಆದರೆ ಮಳೆಗಾಲದಲ್ಲಿ ಇವೆಲ್ಲ ನೆನೆದು ತಣ್ಣಗಾದ ಮೇಲೂ ಕೆಲವರ ಮೂಗು ತೆರೆಯುವುದಿಲ್ಲ. ಆಗ ಗೋಡೆಯ ಬೂಷ್ಟು, ಒಣಗದ ಬಟ್ಟೆ, ವರ್ಷಗಟ್ಟಲೆ ಬಿಸಿಲು ಕಾಣದ ಹತ್ತಿ ಹಾಸಿಗೆಯನ್ನು ವಿಚಾರಿಸಿಕೊಳ್ಳಿ. ಆ ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳುಹುಳುಗಳ ಸಂಸಾರವಿದೆ. ಬಿಸಿಲು ಬಿದ್ದ ದಿನ ಹಾಸಿಗೆ, ದಿಂಬು ತಾರಸಿಗೆ ಹೋಗಲಿ. ದಿಂಬಿನ ಚೀಲ, ಹೊದಿಕೆ ಬಿಸಿನೀರಿಗೆ ಹೋಗಲಿ. ಸೀಗೆಕಾಯಿಯಿಂದ ಪಟಾಕಿಯವರೆಗೆ ಎಲ್ಲವನ್ನೂ ದೂರುವ ಮೊದಲು ಇದಿಷ್ಟು ಆಗಿರಲಿ.

4. ಬೆಳಗಿನ ಚಾಲನೆ

ಹಂತ ಒಂದು: ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಮಾತ್ರೆ ನುಂಗಿ.

ಹಂತ ಎರಡು: ಅರ್ಧದಿಂದ ಒಂದು ಗಂಟೆ ಬೇರೇನೂ ಇಲ್ಲ. ಏನೂ ಅಂದರೆ ಕಾಫಿಯೂ ಇಲ್ಲ. ಮಲೆನಾಡಿನ ಮನೆಗಳಲ್ಲಿ ಇದು ಕೈಪಿಡಿಯ ಅತಿ ಕಠಿಣ ಹಂತ. "ಒಂದು ಗುಟುಕು ಕುಡಿದ್ರೆ ಎಂತಾಗ್ತದೆ ಮಾರಾಯ್ತಿ?" ಎಂದು ಅತ್ತೆ ಲೋಟ ಚಾಚುತ್ತಾರೆ. ಆಗುವುದು ಇಷ್ಟು: ಕಾಫಿ ಜೊತೆಗಿದ್ದರೆ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಮೂಗು ಕಟ್ಟಿರುವವರಿಗೆ ಇಲ್ಲೊಂದು ಅನುಕೂಲವಿದೆ. ಡಿಕಾಕ್ಷನ್ನಿನ ಪರಿಮಳ ಗೊತ್ತಾಗುವುದಿಲ್ಲ. ಎರಡು ಕಾಯಿಲೆಗಳು ಒಂದಕ್ಕೊಂದು ಸಹಕರಿಸುವ ಏಕೈಕ ಗಳಿಗೆ ಇದು, ಸದುಪಯೋಗ ಮಾಡಿಕೊಳ್ಳಿ.

ಹಂತ ಮೂರು: ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಬಿಟ್ಟು ತೆಗೆದುಕೊಳ್ಳಿ. ಕಬ್ಬಿಣದ ಊರಿನವರಿಗೂ ಇದರಲ್ಲಿ ರಿಯಾಯಿತಿ ಇಲ್ಲ.

ಹಂತ ನಾಲ್ಕು: ಕಾಯಿರಿ. ಮಾತ್ರೆಯ ಪ್ರಮಾಣ ಬದಲಾದರೆ ಅದರ ಫಲ ಟಿಎಸ್‌ಎಚ್‌ನಲ್ಲಿ ಸರಿಯಾಗಿ ಕಾಣುವುದು ಆರರಿಂದ ಎಂಟು ವಾರಕ್ಕೆ. ವಾರಕ್ಕೊಮ್ಮೆ ದುರ್ಗಿಗುಡಿಯ ಲ್ಯಾಬಿಗೆ ಹೋಗಿ ತೋಳು ಚಾಚಿದರೆ ರಕ್ತವೂ ಹಣವೂ ಖರ್ಚು, ಸುದ್ದಿ ಮಾತ್ರ ಹಳೆಯದೇ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲೇ ತಿಳಿಸಿ. ಅದು ಅಂಕಿಗಳನ್ನು ಕೆಡಿಸಬಲ್ಲದು.

5. ಎಚ್ಚರಿಕೆ: ಹನಿಯ ಬಾಟಲಿ

ಜೈಲೋಮೆಟಾಜೋಲಿನ್ ಅಥವಾ ಆಕ್ಸಿಮೆಟಾಜೋಲಿನ್ ಇರುವ ಹನಿ ಮೂಗಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹಾಕಿದ ಕೆಲವೇ ನಿಮಿಷದಲ್ಲಿ ತುಂಗೆಯ ದಂಡೆಯ ಗಾಳಿ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳುವವರಿಲ್ಲ. "ಅಣ್ಣಾ, ಮೂಗಿನ ಡ್ರಾಪ್ಸ್" ಎಂದರೆ ಸಾಕು.

ಮೂರರಿಂದ ಐದು ದಿನ, ಅದಕ್ಕಿಂತ ಹೆಚ್ಚು ಬೇಡ. ಮೀರಿದರೆ ಹನಿಯ ಬಲ ಇಳಿದ ಕೂಡಲೇ ಪೊರೆ ಮೊದಲಿಗಿಂತ ಜೋರಾಗಿ ಊದುತ್ತದೆ, ಅದಕ್ಕೆ ಮತ್ತೆ ಹನಿ ಬೇಕಾಗುತ್ತದೆ. ಆಮೇಲೆ ಮೂಗು ಕಟ್ಟುವುದು ಶೀತದಿಂದಲೋ ಹನಿಯಿಂದಲೋ ಯಾರಿಗೂ ತಿಳಿಯುವುದಿಲ್ಲ. ದಿಂಬಿನಡಿ ಒಂದು ಬಾಟಲಿ, ಸ್ಕೂಟರಿನ ಡಿಕ್ಕಿಯಲ್ಲಿ ಒಂದು, ಆಫೀಸಿನ ಡ್ರಾಯರಿನಲ್ಲಿ ಒಂದು ಇಟ್ಟುಕೊಂಡು ವರ್ಷಗಟ್ಟಲೆ ಬಾಳುವವರು ಎರಡೂ ಊರಲ್ಲಿದ್ದಾರೆ. ಭದ್ರಾವತಿ ಬಸ್ಸು ಮಲವಗೊಪ್ಪ ದಾಟುವಷ್ಟರಲ್ಲಿ ಬಾಟಲಿ ಮರೆತದ್ದು ನೆನಪಾದರೆ ಸಾಕು, ಅವರ ಎರಡೂ ಹೊಳ್ಳೆ ಮುಚ್ಚಿ ಬಾಯಿ ತೆರೆದುಕೊಳ್ಳುತ್ತದೆ.

ಥೈರಾಯ್ಡ್ ಮಾತ್ರೆಯ ನಡತೆ ಇದಕ್ಕೆ ತದ್ವಿರುದ್ಧ. ನುಂಗಿದ ದಿನ ಏನೂ ಅನಿಸುವುದಿಲ್ಲ. ಬಿಟ್ಟ ದಿನವೂ ಏನೂ ಅನಿಸುವುದಿಲ್ಲ. ಒಳಗಿರುವುದರಲ್ಲಿ ಅರ್ಧ ಖರ್ಚಾಗಲು ಅದಕ್ಕೆ ಸುಮಾರು ಏಳು ದಿನ ಬೇಕು. ಹೀಗಾಗಿ ಟಿಎಸ್‌ಎಚ್ ನಾರ್ಮಲ್ ಬಂದ ದಿನ "ವಾಸಿಯಾಯ್ತಲ್ಲ" ಎಂದು ಡಬ್ಬಿ ಮುಚ್ಚಿಡುತ್ತಾರೆ. ನಾರ್ಮಲ್ ಬಂದದ್ದು ಮಾತ್ರೆಯಿಂದಲೇ ಎನ್ನುವುದು ವಾರಗಳು ಕಳೆದು ಮೆಟ್ಟಿಲು ಹತ್ತುವಾಗ ಕಾಲು ಭಾರವಾದಾಗ ಗೊತ್ತಾಗುತ್ತದೆ. ಬಿಟ್ಟ ಕೂಡಲೇ ಕಾಡುವುದನ್ನು ಒಳ್ಳೆಯ ಔಷಧಿ ಎಂದೂ, ಬಿಟ್ಟರೂ ಸುಮ್ಮನಿರುವುದನ್ನು ಬೇಡದ ಔಷಧಿ ಎಂದೂ ನಂಬುವುದು ನಮ್ಮ ಸ್ವಭಾವ. ಈ ಜೋಡಿ ಸಾಧನ ಕೆಡುವುದು ಬಹುತೇಕ ಆ ಸ್ವಭಾವದಿಂದ.

6. ತೊಳೆಯುವುದು, ಸಿಂಪಡಿಸುವುದು, ಹಬೆ

ತುಂಗಾ ಪಾನ, ಗಂಗಾ ಸ್ನಾನ ಎಂದು ಹಿರಿಯರು ಹೇಳಿದ್ದಾರೆ. ಮೂಗಿನ ವಿಷಯ ಹೇಳಿಲ್ಲ. ಉಪ್ಪುನೀರಿನಿಂದ ಮೂಗು ತೊಳೆಯುವುದು ಒಳ್ಳೆಯ ಅಭ್ಯಾಸ, ಆದರೆ ನಲ್ಲಿಯ ನೀರು, ಬಾವಿಯ ನೀರು, ಹೊಳೆಯ ನೀರು ಹಾಗೇ ಬಳಸಕೂಡದು. ಚೆನ್ನಾಗಿ ಕುದಿಸಿ ಆರಿಸಿದ ನೀರೇ ಆಗಬೇಕು. ಪಕ್ಕದ ಕೇರಳದಲ್ಲಿ 2024–25ರಲ್ಲಿ ಸುದ್ದಿಯಾದ ಮಿದುಳು ಜ್ವರದ ಅಮೀಬಾ ದೇಹಕ್ಕೆ ಹೊಗುವುದು ಮುಖ್ಯವಾಗಿ ಮೂಗಿನ ದಾರಿಯಿಂದ. ಅದೇ ನೀರನ್ನು ಕುಡಿದರೆ ಆ ಕಾಯಿಲೆ ಬರುವುದಿಲ್ಲ.

ಡಾಕ್ಟರು ಸ್ಟಿರಾಯ್ಡ್ ಸ್ಪ್ರೇ ಬರೆದಿದ್ದರೆ ತಲೆಯನ್ನು ತುಸು ಮುಂದೆ ಬಾಗಿಸಿ, ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಮೂತಿ ನಡುಗೋಡೆಯತ್ತ ಬೇಡ, ಅದೇ ಬದಿಯ ಕಿವಿಯತ್ತ ಇರಲಿ. ಪೂರ್ತಿ ಗುಣ ಕಾಣಲು ವಾರ, ಎರಡು ವಾರ ಬೇಕು. ಎರಡು ದಿನ ಹೊಡೆದು "ಪ್ರಯೋಜನ ಇಲ್ಲ" ಎಂದು ಕಪಾಟಿಗೆ ಸೇರಿಸಿದ ಸ್ಪ್ರೇಗಳಿಂದ ಯಾರ ಮೂಗೂ ತೆರೆದಿಲ್ಲ. ಹನಿಯ ಚಟ ಬಿಡಿಸಲೂ ಡಾಕ್ಟರುಗಳು ಇದನ್ನೇ ಆಸರೆ ಮಾಡಿಕೊಳ್ಳುತ್ತಾರೆ.

ಹಬೆ ಹಿತ ಕೊಡುತ್ತದೆ, ವಾಸಿ ಮಾಡುವುದಿಲ್ಲ. ಕುದಿಯುವ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕಂಬಳಿ ಮುಸುಕು ಹಾಕಬೇಡಿ. ಸುಟ್ಟ ತೊಡೆಗೆ ಬೇರೆ ಕೈಪಿಡಿ ಬೇಕಾಗುತ್ತದೆ.

7. ದೋಷ ಪತ್ತೆ

ತೊಂದರೆ: ಮಗ್ಗುಲಾಗಿ ಮಲಗಿದರೆ ಕೆಳಗಿನ ಹೊಳ್ಳೆ ಕಟ್ಟುತ್ತದೆ. ಇದು ದೋಷವಲ್ಲ, ಸಾಧನ ಇರುವುದೇ ಹಾಗೆ. ತಲೆಯ ಕಡೆ ತುಸು ಎತ್ತರಿಸಿ.

ತೊಂದರೆ: ಗೊರಕೆಯ ನಡುವೆ ಉಸಿರು ನಿಲ್ಲುತ್ತದೆ, ಹಗಲೆಲ್ಲ ತೂಕಡಿಕೆ. ಥೈರಾಯ್ಡಿನ ಸುಸ್ತು ಎಂದು ಸುಮ್ಮನಾಗಬೇಡಿ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು, ಪರೀಕ್ಷೆ ಮಾಡಿಸಿ. ಈ ಲಕ್ಷಣ ನಿಮಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಮಲಗುವವರನ್ನು ಕೇಳಿ, ಸಿಟ್ಟು ಮಾಡಿಕೊಳ್ಳಬೇಡಿ.

ತೊಂದರೆ: ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಬೇಕೆನಿಸುತ್ತದೆ. ಮಾತ್ರೆ ಸಾಲುತ್ತಿಲ್ಲವೇನೋ, ಟಿಎಸ್‌ಎಚ್ ನೋಡಿಸಿ. ಜನವರಿಯಲ್ಲೂ ಬೆವರಿ, ಎದೆ ಡವಗುಟ್ಟಿ, ಕೈ ನಡುಗಿದರೆ ಮಾತ್ರೆ ಹೆಚ್ಚಾಗಿರಬಹುದು, ಆಗಲೂ ನೋಡಿಸಿ.

ತೊಂದರೆ: ಟಿಎಸ್‌ಎಚ್ ಸರಿಯಾಗಿ ತಿಂಗಳುಗಳಾದರೂ ಮೂಗು ತೆರೆದಿಲ್ಲ. ಇನ್ನು ಕುತ್ತಿಗೆಯನ್ನು ದೂರಿ ಫಲವಿಲ್ಲ. ನಡುಗೋಡೆ ವಾರೆಯಾಗಿರಬಹುದು, ಜನ ದುರ್ಮಾಂಸ ಎನ್ನುವ ಬೆಳವಣಿಗೆ ಇರಬಹುದು, ಅಲರ್ಜಿ ಇರಬಹುದು. ದೀಪ ಬಿಟ್ಟು ನೋಡದೆ ಯಾರೂ ಹೇಳಲಾರರು.

8. ನೆಂಟರಿಷ್ಟರಿಗೆ ಪ್ರತ್ಯೇಕ ಹಾಳೆ

ಮೂಗಿಗೆ ಸಲಹೆ ಕೊಡುವವರು ಮೊಸರು, ಬಾಳೆಹಣ್ಣು, ಸೀತಾಫಲ, ತಲೆಸ್ನಾನ ಬೇಡ ಎನ್ನುತ್ತಾರೆ. ಥೈರಾಯ್ಡಿಗೆ ಸಲಹೆ ಕೊಡುವವರು ಎಲೆಕೋಸು, ಹೂಕೋಸು, ಮೂಲಂಗಿ ಬೇಡ ಎನ್ನುತ್ತಾರೆ. ಎರಡೂ ಪಟ್ಟಿಯನ್ನು ಪಾಲಿಸಿದವರಿಗೆ ಉಳಿಯುವುದು ಮೆಣಸಿನ ಕಷಾಯ ಮತ್ತು ವೈರಾಗ್ಯ. ಬೇಯಿಸಿದ ಕೋಸಿನ ಪಲ್ಯವನ್ನು ಹದವಾಗಿ ಉಂಡರೆ ಮಾತ್ರೆ ತೆಗೆದುಕೊಳ್ಳುವವರಿಗೆ ಭಯವಿಲ್ಲ. "ದಪ್ಪ ಆಗಿದೀಯಲ್ಲೇ" ಎನ್ನುವ ದೊಡ್ಡಮ್ಮಂದಿರು ಗಮನಿಸಿ: ಅದು ರೋಗನಿರ್ಣಯವಲ್ಲ. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎನ್ನುವ ಚಿಕ್ಕಪ್ಪಂದಿರೂ ಗಮನಿಸಿ: ಇತ್ತು, ರಕ್ತಪರೀಕ್ಷೆ ಇರಲಿಲ್ಲ.

9. ಸರ್ವಿಸ್ ಮತ್ತು ವಾರಂಟಿ

ಮೆಗ್ಗಾನ್ ಆಸ್ಪತ್ರೆಗೇ ಹೋಗಿ, ಖಾಸಗಿ ಕ್ಲಿನಿಕ್ಕಿಗೇ ಹೋಗಿ, ಮೂಗನ್ನು ನೋಡುವವರು ಒಬ್ಬರು, ಥೈರಾಯ್ಡ್ ನೋಡುವವರು ಇನ್ನೊಬ್ಬರು. ಎರಡೂ ಫೈಲುಗಳನ್ನು ಒಂದೇ ಚೀಲದಲ್ಲಿ ಒಯ್ದು ಇಬ್ಬರಿಗೂ ಎರಡನ್ನೂ ತೋರಿಸಿ. ಶೀತದ ಮಾತ್ರೆ ಕೊಳ್ಳುವಾಗಲೂ ಥೈರಾಯ್ಡ್ ಇದೆಯೆಂದು ಹೇಳಿ. ರಕ್ತನಾಳ ಕುಗ್ಗಿಸುವ ಮಾತ್ರೆ ಎಲ್ಲರಿಗೂ ಆಗುವುದಿಲ್ಲ. ಗರ್ಭಿಣಿಯೆಂದು ತಿಳಿದ ಕೂಡಲೇ ಡಾಕ್ಟರನ್ನು ಕಾಣಿ. ಆಗ ಮಾತ್ರೆಯ ಪ್ರಮಾಣ ಸಾಮಾನ್ಯವಾಗಿ ಏರಿಸಬೇಕಾಗುತ್ತದೆ. ಒಂದೇ ಹೊಳ್ಳೆ ಸದಾ ಕಟ್ಟಿ ರಕ್ತ ಬಂದರೆ, ಕಣ್ಣಿನ ಸುತ್ತ ಊದಿದರೆ, ಕುತ್ತಿಗೆಯಲ್ಲಿ ಗಡ್ಡೆ ಬೆಳೆಯುತ್ತಿದ್ದರೆ ಈ ಕೈಪಿಡಿ ಮಡಚಿಟ್ಟು ಅದೇ ದಿನ ಹೊರಡಿ.

ವಾರಂಟಿಯ ಬಗ್ಗೆ ಅನುಮಾನ ಬೇಡ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯ, ಥೈರಾಯ್ಡ್ ಸೋತು ಮೈ ಊದಿಕೊಂಡಿದ್ದ 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡಿನ ಸತ್ವವನ್ನು ಚುಚ್ಚಿದ. ಆಕೆ ಅದನ್ನು ಕೊನೆಯವರೆಗೂ ಬಿಡದೆ ತೆಗೆದುಕೊಂಡು 1919ರವರೆಗೆ ಬದುಕಿದಳು. ನಿಮಗಂತೂ ಕುರಿಯ ಹಂಗೂ ಇಲ್ಲ. ವಾರಂಟಿ ರದ್ದಾಗುವ ಸಂದರ್ಭಗಳು ಎರಡೇ: ಮಾತ್ರೆ ನಿಲ್ಲಿಸಿದರೆ, ಹನಿ ನಿಲ್ಲಿಸದಿದ್ದರೆ.