ಮಿರ್ಚಿಯ ಆಯುರ್ಮೀಮಾಂಸೆ

ದಾವಣಗೆರೆ ಸೀಮೆಯಲ್ಲಿ ಮಂಡಕ್ಕಿಯ ಪಕ್ಕ ಬಂದು ಕೂತ ಮಿರ್ಚಿಗೆ ಆಯಸ್ಸೆಷ್ಟು ಎಂಬ ಪ್ರಶ್ನೆಯನ್ನು ಪೂರ್ವಸೂರಿಗಳು ಯಾರೂ ಎತ್ತಿಲ್ಲ. ಎತ್ತುವಷ್ಟರಲ್ಲಿ ತಟ್ಟೆ ಖಾಲಿಯಾಗಿರಬೇಕು. ಆದರೂ ಕ್ಯಾನ್ಸರ್, ಕ್ಷಯದ ಸಂಶೋಧಕರು ಕಲಿಯುವ ಸರ್ವೈವಲ್ ಅನಾಲಿಸಿಸ್ ಎಂಬ ಶಾಸ್ತ್ರದ ಮೊದಲ ಪಾಠಕ್ಕೆ ಇಷ್ಟು ಸಾಮಗ್ರಿ ಸಾಕು.

ಚನ್ನಗಿರಿ ಬಸ್ ಸ್ಟ್ಯಾಂಡಿನ ಬಳಿ 10 ಮಿರ್ಚಿಗಳು ಒಟ್ಟಿಗೇ ತಟ್ಟೆಗಿಳಿದವೆಂದು ಕಲ್ಪಿಸಿಕೊಳ್ಳೋಣ. 2ನೇ ನಿಮಿಷಕ್ಕೆ ಎರಡರ ನಿಧನ; ಉಳಿವು 0.8. 3ನೇ ನಿಮಿಷಕ್ಕೆ ಹೊನ್ನಾಳಿ ಬಸ್ಸು ಬಂತು. ಇಬ್ಬರು ಗಿರಾಕಿಗಳು ತಲಾ ಒಂದನ್ನು ಪೇಪರಿನಲ್ಲಿ ಸುತ್ತಿಕೊಂಡು ಓಡಿದರು. ಆ ಎರಡು ತುಂಗಭದ್ರೆಯ ದಡ ಕಂಡವೋ, ಊರು ದಾಟುವ ಮೊದಲೇ ಮುಗಿದವೋ ಬಲ್ಲವರಿಲ್ಲ. ಇದೇ ಸೆನ್ಸಾರಿಂಗ್, ಸಿನಿಮಾ ಮಂಡಳಿಯ ಕತ್ತರಿಗೂ ಇದಕ್ಕೂ ನಂಟಿಲ್ಲ. 5ನೇ ನಿಮಿಷಕ್ಕೆ ಉಳಿದ ಆರರಲ್ಲಿ ಮೂರು ಹೋದವು. 0.8ರಲ್ಲಿ ಅರ್ಧ, 0.4.

ಬಸ್ ಹತ್ತಿದವನ್ನು ಸತ್ತವೆಂದರೆ 0.3, ಬದುಕಿವೆಯೆಂದರೆ 0.5, ಲೆಕ್ಕದಿಂದಲೇ ಕಿತ್ತುಹಾಕಿದರೆ 0.375. ಇದ್ದಷ್ಟು ಹೊತ್ತು ಎಣಿಸಿ, ಹೋದ ಮೇಲೆ ಕೈಬಿಟ್ಟು 0.4 ಎನ್ನುವ ಲೆಕ್ಕವನ್ನು 1958ರಲ್ಲಿ ಪ್ರಕಟಿಸಿದವರು ಕ್ಯಾಪ್ಲನ್ ಮತ್ತು ಮೈಯರ್. ಒಬ್ಬರಿಗೆ ಸಮುದ್ರದಡಿಯ ಟೆಲಿಫೋನ್ ಕೇಬಲ್ಲಿನ ನಿರ್ವಾತ ನಳಿಕೆಗಳ ಚಿಂತೆ, ಇನ್ನೊಬ್ಬರಿಗೆ ಕ್ಯಾನ್ಸರ್ ರೋಗಿಗಳದು. ಬೇರೆ ಬೇರೆ ಬರೆದದ್ದನ್ನು ಒಂದು ಮಾಡಲು ನಾಲ್ಕು ವರ್ಷ ಪತ್ರ ವ್ಯವಹಾರ ನಡೆಯಿತು. ಅಷ್ಟರಲ್ಲಿ ಎಷ್ಟು ಮಿರ್ಚಿ ಆರಿಹೋಗುತ್ತಿದ್ದವೋ!

ಬೇಗ ಎದ್ದುಹೋದವರ ಮಾತಾಯಿತು; ತಡವಾಗಿ ಬಂದ ನ್ಯಾಮತಿಯ ತಕರಾರೇ ಬೇರೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ಊರಿದು. ಅದಕ್ಕೂ ಹಿಂದಿನ ವರ್ಷಗಳನ್ನು ತಾಲ್ಲೂಕಿನ ವಯಸ್ಸಿಗೆ ಸೇರಿಸುವಂತಿಲ್ಲ. ಅಧ್ಯಯನಕ್ಕೆ ತಡವಾಗಿ ಬಂದ ರೋಗಿಯನ್ನೂ ಬಂದ ದಿನದಿಂದಲೇ ಎಣಿಕೆಗೆ ಹಿಡಿಯಬೇಕು.

ಕ್ಯಾಪ್ಲನ್-ಮೈಯರ್ ಲೆಕ್ಕಕ್ಕೆ ಗಟ್ಟಿ ಆಕ್ಷೇಪವೊಂದಿದೆ. ಮಿರ್ಚಿ ಸುತ್ತಿಕೊಂಡು ಓಡಿದ ಆ ಗಿರಾಕಿಗಳು ಬಸ್ಸಿಗೆಂದೇ ಎದ್ದರೋ, ಖಾರ ತಡೆಯಲಾರದೆ ಎದ್ದರೋ? ರೋಗಿಗಳಲ್ಲೂ ಇದೇ ಪ್ರಶ್ನೆ. ಮಳೆ ಕೈಕೊಟ್ಟ ವರ್ಷ ಜಗಳೂರಿನಿಂದ ಬೆಂಗಳೂರಿಗೆ ದುಡಿಯಲು ಹೋದ ಕ್ಷಯರೋಗಿ ಒಬ್ಬ. ಕಾಯಿಲೆ ಜೋರಾಗಿ ಹಾಸಿಗೆ ಬಿಟ್ಟು ಏಳಲಾರದವನು ಇನ್ನೊಬ್ಬ. ರಿಜಿಸ್ಟರಿನಲ್ಲಿ ಇಬ್ಬರಿಗೂ ‘ಬಂದಿಲ್ಲ’ ಎಂಬ ಒಂದೇ ಷರಾ. ಮೊದಲನೆಯವನನ್ನು ಸೂತ್ರ ತಾಳಿಕೊಳ್ಳುತ್ತದೆ. ಎರಡನೆಯವನಂಥವರು ಹೆಚ್ಚಿದರೆ ಮೋಸಹೋಗಿ ಔಷಧವನ್ನು ಹಾಡಿ ಹೊಗಳುತ್ತದೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಹೋಗಿ ವಿಚಾರಿಸದೆ ಯಾವ ಕಂಪ್ಯೂಟರಿಗೂ ಈ ಇಬ್ಬರ ಗುರುತು ಹತ್ತದು.

ಇತ್ತ ತಟ್ಟೆಯಲ್ಲಿ ಮೂರು ಮಿರ್ಚಿ ಉಳಿದಿದ್ದವು. 10ನೇ ನಿಮಿಷಕ್ಕೆ ಅಧ್ಯಯನ ಮುಕ್ತಾಯವೆಂದು ಸಾರಲಾಯಿತು. ಮೂರೂ ಸೆನ್ಸಾರ್ ಆದವು. 11ನೇ ನಿಮಿಷದ ದಾಖಲೆ ಲಭ್ಯವಿಲ್ಲ. ಸಂಶೋಧಕರ ಬೆರಳು ಎಣ್ಣೆಯಾಗಿದ್ದರಿಂದ ಪೆನ್ನು ಜಾರುತ್ತಿತ್ತು.