ಫೋಲ್ಡರ್ ಮಾವ

ಮಡಿಕೇರಿಯಿಂದ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿ ಚೆಟ್ಟಳ್ಳಿ ಸಿಗುತ್ತದೆ. ಊರು ಚಿಕ್ಕದು, ಆದರೆ ಲೆಕ್ಕಪತ್ರದಲ್ಲಿ ಭಾರಿ ಶಿಸ್ತು. ಕಾಫಿ ಸಂಶೋಧನಾ ಉಪಕೇಂದ್ರ 1946ರಿಂದ ಇಲ್ಲಿದೆ. ಬೆಣ್ಣೆಹಣ್ಣು, ರಂಬೂಟಾನ್ ಗಿಡಗಳನ್ನು ಸಾಲು ಹಿಡಿದು ನೆಟ್ಟು ಪರೀಕ್ಷಿಸುವ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಇಂಥ ಊರಿನ ಗಾಳಿ ಕುಡಿದವರಿಗೆ ಕಂಡದ್ದಕ್ಕೆಲ್ಲ ಹೆಸರಿನ ಚೀಟಿ ಕಟ್ಟುವ ಚಟ ಅಂಟಿಕೊಂಡರೆ ಆಶ್ಚರ್ಯವಿಲ್ಲ. ನಮ್ಮ ಫೋಲ್ಡರ್ ಮಾವನಿಗೆ ಅದು ವಂಶಪಾರಂಪರ್ಯವಾಗಿಯೇ ಬಂದಿದೆ.

ಮಾವನ ಅಜ್ಜ ಮಳೆ ಬರೆದಿಡುತ್ತಿದ್ದರು. ಕೊಡಗಿನ ಕಾಫಿ ಬೆಳೆಗಾರರಿಗೆ ಬೆಳಗ್ಗೆ ಕಾಫಿಗಿಂತ ಮೊದಲು ಬೇಕಾದದ್ದು ಮಳೆಮಾಪಕದ ಲೆಕ್ಕ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. “ನಮ್ಮಲ್ಲಿ ನಲವತ್ತು ಸೆಂಟ್, ನಿಮ್ಮಲ್ಲಿ?” ಎಂದು ಫೋನಿನಲ್ಲಿ ಕೇಳಿ, ಪಕ್ಕದ ತೋಟಕ್ಕೆ ಐವತ್ತು ಬಿದ್ದಿದ್ದರೆ ಆ ದಿನವೆಲ್ಲ ಮಂಕಾಗುವುದು ಇಲ್ಲಿನ ವಾಡಿಕೆ. ಅಜ್ಜನಿಗೆ ಇದಕ್ಕೆಲ್ಲ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಸಾಕಿತ್ತು. ಮೊಮ್ಮಗನಿಗೆ ಸಾಲಲಿಲ್ಲ.

ಹಳೆಯ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸುತ್ತದೆಂಬ ಸುದ್ದಿ ಮಾವನ ಕಿವಿಗೆ ಬಿತ್ತು. “ಬೆಂಬಲ ವಾಪಸ್ ತಗೊಂಡ್ರೆ ಸರ್ಕಾರವೇ ನಿಲ್ಲಲ್ಲ, ಕಂಪ್ಯೂಟರ್ ನಿಲ್ಲುತ್ತಾ?” ಎಂದವರೇ ವಿಂಡೋಸ್ 11 ಇರುವ ಹೊಸದನ್ನು ತರಿಸಿದರು. ಅದು ಮನೆಗೆ ಬಂದದ್ದು ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೆ ಸರಿಯಾಗಿ. ತೋಟದ ರೈಟರಿಗೆ ಬೇಕಿದ್ದದ್ದು ಇಷ್ಟೇ: ಆಳುಗಳ ಹಾಜರಿ ಹಾಕಿ, ಕೊಯ್ದ ಕೆ.ಜಿ. ಕೂಡಿಸಿ, ವಾರದ ಬಟವಾಡೆ ಪಟ್ಟಿ ಪ್ರಿಂಟ್ ತೆಗೆಯುವುದು. “ಸಾವ್ಕಾರ್ರೇ, ಕಂಪ್ಯೂಟರ್ ಒಂದು ಗಳಿಗೆ ಬಿಡ್ತೀರಾ?” ಎಂದು ಅವರು ಬಾಗಿಲಲ್ಲಿ ನಿಂತರೆ, ಒಳಗಿಂದ ಸಿದ್ಧ ಉತ್ತರ: “ತಡೀರಿ ರೈಟ್ರೇ, ಇನ್ನೂ ಸೆಟ್ಟಿಂಗ್ ಆಗ್ಲಿಲ್ಲ.”

ಸೆಟ್ಟಿಂಗ್ ಎಂದರೆ ಫೈಲ್ ಎಕ್ಸ್‌ಪ್ಲೋರರಿನ ಸೆಟ್ಟಿಂಗ್. ತೆರೆದ ಕೂಡಲೇ ಅದು ‘ಹೋಮ್’ ತೋರಿಸಿದ್ದೇ ಮೊದಲ ಜಗಳ. “ಮನೆ ನನ್ನದು, ಎಲ್ಲಿಂದ ಒಳಗೆ ಹೋಗಬೇಕು ಅಂತ ಹೇಳೋಕೆ ಇವನ್ಯಾರು?” ಎಂದು ‘ದಿಸ್ ಪಿಸಿ’ ತೆರೆಯುವ ಹಾಗೆ ಮಾಡಿದರು. ಸಾಲುಗಳ ನಡುವೆ ಜಾಗ ಹೆಚ್ಚೆನಿಸಿತು. “ಗಿಡದಿಂದ ಗಿಡಕ್ಕೆ ಇಷ್ಟು ಅಂತರ ಬಿಟ್ರೆ ಎಕರೆಗೆ ಎಷ್ಟು ಬಂತು?” ಎಂದು ಗೊಣಗುತ್ತ ಕಾಂಪ್ಯಾಕ್ಟ್ ವ್ಯೂ ಹಾಕಿದರು. ಬಲಬದಿಯ ಕ್ಲಿಕ್ಕಿನಲ್ಲಿ ಬೇಕಾದ ಅರ್ಧಕ್ಕರ್ಧ ‘ಶೋ ಮೋರ್ ಆಪ್ಷನ್ಸ್’ ಹಿಂದೆ ಅಡಗಿರುವುದನ್ನು ಕಂಡು, ಮೈಕ್ರೋಸಾಫ್ಟಿನವರಿಗೆ ಕೊಡವ ತಕ್ಕಿನಲ್ಲಿ ಏನೋ ಹೇಳಿದರು. ಅದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ.

ಮಾವ ಮಾಡಿದ್ದರಲ್ಲಿ ಒಂದನ್ನು ಮಾತ್ರ ಮೆಚ್ಚಲೇಬೇಕು. ಫೈಲಿನ ಬಾಲ, ಅಂದರೆ ಎಕ್ಸ್‌ಟೆನ್ಶನ್, ಕಾಣುವಂತೆ ಗುರುತು ಹಾಕಿದರು. ವಿಂಡೋಸ್ ತಾನಾಗಿ ಅದನ್ನು ತೋರಿಸುವುದಿಲ್ಲ. ‘ಬಿಲ್.ಪಿಡಿಎಫ್’ ಎಂದು ಸಭ್ಯವಾಗಿ ಕೂತಿರುವ ಫೈಲಿನ ಹಿಂದೆ ‘.ಇಎಕ್ಸ್‌ಇ’ ಎಂಬ ಕಳ್ಳಬಾಲ ಇದ್ದರೆ, ಅದು ಬಿಲ್ಲಲ್ಲ, ಬೇರೆ ಏನನ್ನೋ ನಡೆಸಲು ಬಂದ ಪ್ರೋಗ್ರಾಮು. ಬಾಲ ಕಂಡರೆ ಮಾತ್ರ ಅದು ಗೊತ್ತಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವರು ಫೋಲ್ಡರ್ ಮಾವ ಆಗುತ್ತಿರಲಿಲ್ಲ. ಫೋಲ್ಡರಿನ ಹಳದಿ ಬಣ್ಣ ಅವರಿಗೆ ಬೇಸರ ತಂದಿತು. ಪ್ರಾಪರ್ಟೀಸಿಗೆ ಹೋಗಿ, ಕಸ್ಟಮೈಸ್ ಒತ್ತಿ, ಚೇಂಜ್ ಐಕಾನ್ ತೆರೆದರೆ ಚಿತ್ರಗಳ ಸಂತೆ. ಅದರಲ್ಲೊಂದು ಹಸಿರು ಮರ ಕಂಡಿತು. “ಸಿಲ್ವರ್ ಓಕ್!” ಎಂದು ಕೂಗಿ ತೋಟದ ಫೋಲ್ಡರಿಗೆ ಅದನ್ನೇ ಹಾಕಿದರು. ಉಳಿದ ಫೋಲ್ಡರುಗಳಿಗೂ ಒಂದೊಂದು ಚಿತ್ರ ಹುಡುಕಿ ಹಾಕುವಷ್ಟರಲ್ಲಿ ಆಕಾಶದಲ್ಲಿ ಮೋಡ ಕಟ್ಟಿತು. ಕಣದಲ್ಲಿ ಚೆರಿ ಒಣಗಲು ಹಾಕಿತ್ತು. “ಸಾವ್ಕಾರ್ರೇ, ಟಾರ್ಪಲ್ ಎಲ್ಲಿದೆ?” ಎಂದು ರೈಟರು ಅಂಗಳದಿಂದ ಕೂಗಿದರು. ಮಾವ ತಲೆ ಎತ್ತಲಿಲ್ಲ. “ಟಾರ್ಪಲ್ಲಿಗೆ ಯಾವ ಐಕಾನ್ ಹಾಕೋದು?” ಎಂದರು.

ಮರುದಿನ ಬಚ್ಚಿಟ್ಟ ಫೈಲುಗಳನ್ನೂ ನೋಡುವ ಆಸೆಯಾಯಿತು. ಎಲ್ಲವನ್ನೂ ತೋರಿಸುವಂತೆ ಮಾಡಿ, ವಿಂಡೋಸ್ ಕೊಟ್ಟ ಎಚ್ಚರಿಕೆಗೆ ಹೂಂ ಅಂದರು. ನೋಡಿದರೆ, ಐಕಾನ್ ಬದಲಾಯಿಸಿದ ಒಂದೊಂದು ಫೋಲ್ಡರಿನಲ್ಲೂ ‘ಡೆಸ್ಕ್‌ಟಾಪ್.ಐಎನ್‌ಐ’ ಎಂಬ ಮಸುಕು ಫೈಲು! ಹೊಸ ಕಂಪ್ಯೂಟರಿಗೆ ಆಗಲೇ ಕಾಂಡಕೊರಕ ಬಿತ್ತೆಂದು ಒಂದೂ ಬಿಡದೆ ಅಳಿಸಿ ಹಾಕಿದರು. ಸಿಲ್ವರ್ ಓಕ್ ಮಾಯವಾಗಿ ಹಳದಿ ಫೋಲ್ಡರು ವಾಪಸ್ ಬಂತು. ಬೆಂಗಳೂರಿನಿಂದ ಮಗಳು ಫೋನಿನಲ್ಲಿ ನಕ್ಕಳು: “ಅಪ್ಪಾ, ಅದು ವೈರಸ್ ಅಲ್ಲ. ಈ ಫೋಲ್ಡರಿಗೆ ಯಾವ ಚಿತ್ರ ಹಾಕಿದ್ದೀರಿ ಅಂತ ಕಂಪ್ಯೂಟರ್ ಅದರಲ್ಲೇ ಬರ್ಕೊಂಡಿರುತ್ತೆ.” ಮಾವ ಎಲ್ಲ ಐಕಾನುಗಳನ್ನೂ ಮೊದಲಿನಿಂದ ಹಾಕಿದರು. ಬಟವಾಡೆ ಪಟ್ಟಿಯನ್ನು ರೈಟರು ಆ ವಾರ ಕೈಯಲ್ಲೇ ಬರೆದರು.

ಹೆಸರಿಡುವುದು ಮುಂದಿನ ಅಧ್ಯಾಯ. 12/11/2025 ಎಂದು ಬರೆಯಹೋದರೆ ಕಂಪ್ಯೂಟರ್ ಒಪ್ಪಲಿಲ್ಲ. ಫೈಲಿನ ಹೆಸರಿನಲ್ಲಿ ವಿಂಡೋಸ್ ಬಿಟ್ಟುಕೊಳ್ಳದ ಒಂಬತ್ತು ಚಿಹ್ನೆಗಳಲ್ಲಿ ಓರೆಗೆರೆಯೂ ಒಂದು. ಸರಿ, ಚುಕ್ಕೆ ಇಟ್ಟರು. ಡಿಸೆಂಬರ್ ಬಂದಾಗ 01.12.2025 ಹೋಗಿ 12.11.2025ರ ತಲೆಯ ಮೇಲೆ ಕೂತಿತು. “ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ತಾರೀಕು ಬರೀರಿ, ತಾನೇ ಸಾಲಾಗಿ ಬರುತ್ತೆ” ಎಂದು ರೈಟರು ಮೆಲ್ಲಗೆ ಹೇಳಿದರು. “ನಮ್ಮ ಅಜ್ಜನ ಮಳೆ ಪುಸ್ತಕದಲ್ಲಿ ತಾರೀಕೇ ಮೊದಲು” ಎಂಬ ಒಂದೇ ಮಾತಿಗೆ ಆ ಚರ್ಚೆ ಮುಗಿಯಿತು.

ಮುಖ್ಯವಾದದ್ದು ಮೇಲೆ ಬರಲಿ ಎಂದು ಹೆಸರಿನ ಆರಂಭದಲ್ಲಿ 01 ಸೇರಿಸಿದರು. ಅದಕ್ಕಿಂತ ಮುಖ್ಯವಾದದ್ದಕ್ಕೆ 00. ಅದಕ್ಕೂ ಮುಖ್ಯವಾದದ್ದು ಸಿಕ್ಕಾಗ ಆಶ್ಚರ್ಯಸೂಚಕ ಚಿಹ್ನೆ. ತೋಟದೊಳಗೆ ಮೇಲಿನ ತೋಟ, ಅದರೊಳಗೆ ಅರೇಬಿಕಾ, ಅದರೊಳಗೆ ಚಂದ್ರಗಿರಿ, ಅದರೊಳಗೆ ತೊರೆಯ ಬದಿಯ ಚಂದ್ರಗಿರಿ, ಅದರೊಳಗೆ ವರ್ಷ, ಅದರೊಳಗೆ ಗೊಬ್ಬರ, ಹೀಗೆ ಇಳಿಯುತ್ತ ಹೋದವರಿಗೆ ಒಂದು ದಿನ ಕಂಪ್ಯೂಟರೇ ಕೈಮುಗಿಯಿತು. ಡ್ರೈವಿನಿಂದ ಫೈಲಿನ ಹೆಸರಿನವರೆಗೆ ದಾರಿಯ ಉದ್ದಕ್ಕೆ 260 ಅಕ್ಷರದ ಹಳೆಯ ಮಿತಿಯೊಂದಿದೆ. ಚೆಟ್ಟಳ್ಳಿಯಲ್ಲಿ ಅದನ್ನು ಮುಟ್ಟಿದವರು ಬಹುಶಃ ಮಾವ ಒಬ್ಬರೇ.

ಈ ಸಾಮ್ರಾಜ್ಯದ ಪರೀಕ್ಷೆಗೆ ಬಂದದ್ದು ಆನೆ. ರಾತ್ರಿ ಹಿಂಡು ನುಗ್ಗಿ ಕಾಫಿ ಗಿಡ ಮುರಿದು, ಬಾಳೆ ಎಳೆದು ಹೋಯಿತು. ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕಲು ಫೋಟೋ ಬೇಕು. ಬೆಳಗ್ಗೆಯೇ ರೈಟರು ಫೋಟೋ ತೆಗೆದು ವಾಟ್ಸಪ್ಪಿನಲ್ಲಿ ಕಳಿಸಿದ್ದರು, ಮಾವ ಕಂಪ್ಯೂಟರಿಗೆ ಇಳಿಸಿಕೊಂಡೂ ಇದ್ದರು. ಈಗ ಗಂಭೀರವಾಗಿ ‘ಆನೆ’ ತೆರೆದರು. ಒಳಗೆ ‘ಹಿಂಡು’, ‘ಒಂಟಿ ಸಲಗ’, ‘ಮರಿ ಸಹಿತ’ ಎಂಬ ಮೂರು ಫೋಲ್ಡರು. ಮೂರಕ್ಕೂ ಬೇರೆ ಬೇರೆ ಐಕಾನು. ಮೂರೂ ಖಾಲಿ.

“ಸಾವ್ಕಾರ್ರೇ, ಡೌನ್‌ಲೋಡ್ಸ್ ನೋಡಿದ್ರಾ?”

“ಅದು ಗೋಡೌನು ರೈಟ್ರೇ. ಅಲ್ಲಿಗೆ ನಾನು ಹೋಗಲ್ಲ.”

ರೈಟರು ಹೋದರು. ಹೊಸದು ಮೇಲೆ, ಹಳೆಯದು ಕೆಳಗೆ ಎಂದು ಡೌನ್‌ಲೋಡ್ಸ್ ತಾನಾಗಿಯೇ ಜೋಡಿಸಿಟ್ಟಿತ್ತು. ‘ಟುಡೇ’ ಎಂಬ ತಲೆಬರಹದ ಕೆಳಗೆ, ‘ವಾಟ್ಸಪ್ ಇಮೇಜ್’ ಎಂಬ ಅನಾಥ ಹೆಸರಿನಲ್ಲಿ, ಮುರಿದ ಗಿಡಗಳೆಲ್ಲ ಇದ್ದವು. ಯಾರೂ ಕೈ ಹಾಕದ ಒಂದೇ ಫೋಲ್ಡರು ಅದು. ಆ ಮನೆಯಲ್ಲಿ ಕೆಲಸಕ್ಕೆ ಬಂದದ್ದೂ ಅದೊಂದೇ.

“ಸಿಕ್ಕಿತಲ್ಲ!” ಎಂದರು ಮಾವ, ಕುರ್ಚಿಗೆ ಒರಗಿ. “ವ್ಯವಸ್ಥೆ ಇದ್ರೆ ಹೀಗೆ, ಹುಡುಕಿದ ಕೂಡ್ಲೇ ಸಿಗುತ್ತೆ.” ಆಮೇಲೆ ‘ಡೌನ್‌ಲೋಡ್ಸಿನಲ್ಲಿ ಸಿಕ್ಕಿದ್ದು’ ಎಂಬ ಹೊಸ ಫೋಲ್ಡರ್ ಮಾಡಿ, ಅದಕ್ಕೊಂದು ಭೂತಗನ್ನಡಿಯ ಐಕಾನ್ ಹುಡುಕತೊಡಗಿದರು.

ಹೊಸ ಕಂಪ್ಯೂಟರ್ ತಂದವರು ಮಾಡಬೇಕಾದದ್ದು ಮೂರೇ ಕೆಲಸ: ಫೈಲಿನ ಬಾಲ ಕಾಣುವಂತೆ ಮಾಡಿ, ತಾರೀಕನ್ನು ವರ್ಷದಿಂದ ಶುರುಮಾಡಿ ಬರೆಯಿರಿ, ಮುಖ್ಯವಾದವುಗಳ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ. ಉಳಿದದ್ದೆಲ್ಲ ಶೋಕಿ. ಆದರೆ ನಿಮ್ಮ ಮನೆಯಲ್ಲೂ ಒಬ್ಬ ಫೋಲ್ಡರ್ ಮಾವ ಇದ್ದರೆ ಈ ಮಾತನ್ನು ಅವರಿಗೆ ಹೇಳಲು ಹೋಗಬೇಡಿ. ‘ಮೂರು ಕೆಲಸ’ ಎಂದು ಒಂದು ಫೋಲ್ಡರ್ ಮಾಡಿ, ಮೂರನ್ನೂ ನಾಳೆಗೆ ಇಟ್ಟುಬಿಡುತ್ತಾರೆ.